ಬಾಲ್ಕನಿಯ ಮಾಪಕ 138 ಎನ್ನುತ್ತದೆ, ಹತ್ತಿರದ ಕೇಂದ್ರ 104 ಎನ್ನುತ್ತದೆ: ತಿದ್ದಬೇಕಾದದ್ದು ಯಾವುದನ್ನು?

ಮಂಜುಮುಸುಕು | ಶನಿವಾರ, ಬೆಳಿಗ್ಗೆ 9.10

ಬಲ್ಲವರಲ್ಲಿ ಒಂದು ಪ್ರಶ್ನೆ. ನನ್ನ ಹೆಂಡತಿಗೆ ಆಸ್ತಮಾ ಇರುವುದರಿಂದ ಕಳೆದ ವರ್ಷ ಗಾಳಿಯ ಸೂಕ್ಷ್ಮ ಕಣಗಳನ್ನು, ಅಂದರೆ ಪಿಎಂ 2.5 ಅನ್ನು ಅಳೆಯುವ ಒಂದು ಪುಟ್ಟ ಮಾಪಕವನ್ನು ಕೊಂಡು, ಬೆಂಗಳೂರಿನ ನಮ್ಮ ಮನೆಯ ಎರಡನೇ ಮಹಡಿಯ ಬಾಲ್ಕನಿಯಲ್ಲಿ ತೂಗುಹಾಕಿದ್ದೇನೆ. ಬೆಳಗಿನ ವಾಯುವಿಹಾರಕ್ಕೆ ಹೋಗಬೇಕೇ ಬೇಡವೇ ಎಂಬುದನ್ನು ಆಕೆ ಅದನ್ನು ನೋಡಿಯೇ ತೀರ್ಮಾನಿಸುತ್ತಾಳೆ. ಚಳಿಗಾಲ ಹಿಡಿದಂದಿನಿಂದ ಇದರ ಅಂಕಿಗೂ ಎರಡು ಕಿಲೋಮೀಟರ್ ದೂರದ ಅಧಿಕೃತ ಕೇಂದ್ರದ ಅಂಕಿಗೂ ತಾಳೆಯೇ ಆಗುತ್ತಿಲ್ಲ. ಇಂದು ಬೆಳಿಗ್ಗೆ ನಮ್ಮ ಮಾಪಕ 138 ತೋರಿಸಿತು, ಕೇಂದ್ರದ ಪುಟ 104 ಎಂದಿತು, ಹೆಂಡತಿಯ ಫೋನಿನ ಆ್ಯಪ್ 156 ಎಂದಿತು. ನಾನು ಮೂವತ್ತು ವರ್ಷ ಗಣಿತ ಹೇಳಿಕೊಟ್ಟವನು. ಒಂದೇ ಗಾಳಿಗೆ ಮೂರು ಉತ್ತರ ಬಂದರೆ ಎರಡಕ್ಕಾದರೂ ತಪ್ಪು ಗುರುತು ಹಾಕಿಯೇ ಅಭ್ಯಾಸ. ಮನೆಯಲ್ಲೇ ಕೂತು ಈ ಮಾಪಕವನ್ನು ಕ್ಯಾಲಿಬ್ರೇಟ್ ಮಾಡುವ, ಅಂದರೆ ಅದರ ಅಳತೆಯನ್ನು ಸರಿಹೊಂದಿಸುವ ವಿಧಾನವೇನಾದರೂ ಇದೆಯೇ?

ಅಂಕಿಗೊಂದು_ಮಾನ | ಬೆಳಿಗ್ಗೆ 9.32

ಮೇಷ್ಟ್ರೇ, ತಪ್ಪು ಗುರುತು ಹಾಕುವ ಮುನ್ನ ಮೂರೂ ಉತ್ತರಗಳ ಮುಂದೆ ಮಾನ ಬರೆದಿದೆಯೇ ನೋಡಿ. ನಿಮ್ಮ ಮಾಪಕದ 138 ಬಹುಶಃ ಒಂದು ಘನ ಮೀಟರ್ ಗಾಳಿಯಲ್ಲಿರುವ ಮೈಕ್ರೋಗ್ರಾಂಗಳ ಲೆಕ್ಕ. ಕೇಂದ್ರದ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುವ 104 ವಾಯು ಗುಣಮಟ್ಟದ ಸೂಚ್ಯಂಕ, ಅಂದರೆ ಎಕ್ಯೂಐ. ಭಾರತದ ಕೋಷ್ಟಕದಲ್ಲಿ ಪಿಎಂ 2.5ರ 60 ಮೈಕ್ರೋಗ್ರಾಂಗೆ ಸೂಚ್ಯಂಕ 100, 90 ಮೈಕ್ರೋಗ್ರಾಂಗೆ 200 ಆಗುತ್ತದೆ. ಹಾಗಾಗಿ 104 ಎಂದರೆ ಸುಮಾರು 62 ಮೈಕ್ರೋಗ್ರಾಂ. ಅದೇ 62 ಅನ್ನು ಅಮೆರಿಕದ ಈಗಿನ ಕೋಷ್ಟಕಕ್ಕೆ ಹಾಕಿದರೆ ಸುಮಾರು 156 ಬರುತ್ತದೆ. ಆ್ಯಪ್ ಮತ್ತು ಕೇಂದ್ರ ಜಗಳವಾಡುತ್ತಿಲ್ಲ, ಒಂದೇ ಮಾತನ್ನು ಎರಡು ಭಾಷೆಯಲ್ಲಿ ಹೇಳುತ್ತಿವೆ. ಇದಲ್ಲದೆ ನಮ್ಮ ಸೂಚ್ಯಂಕ 24 ಗಂಟೆಗಳ ಸರಾಸರಿಯಿಂದ ಹುಟ್ಟುವಂಥದ್ದು, ನಿಮ್ಮದು ಆ ಕ್ಷಣದ ಅಂಕಿ. ಗಂಟೆಯ ಸರಾಸರಿಗೆ ಗಂಟೆಯ ಸರಾಸರಿಯನ್ನು ಹೋಲಿಸಿ.

ಮಂಜುಮುಸುಕು | ಬೆಳಿಗ್ಗೆ 10.25

ನಾಚಿಕೆಯಾಯಿತು. ಮಾನ ಬರೆಯದ ಮಕ್ಕಳಿಗೆ ಅರ್ಧ ಅಂಕ ಕಡಿಯುತ್ತಿದ್ದವನು ನಾನೇ. ಈಗ ಗಂಟೆಯ ಲೆಕ್ಕ ತೆಗೆದಿದ್ದೇನೆ. ಬೆಳಿಗ್ಗೆ 6ರಿಂದ 7ರವರೆಗೆ ನಮ್ಮ ಮಾಪಕದ ಸರಾಸರಿ 131 ಮೈಕ್ರೋಗ್ರಾಂ, ಕೇಂದ್ರದ್ದು 66. ಆ ಹೊತ್ತಿನ ಸಾಪೇಕ್ಷ ಆರ್ದ್ರತೆ ಶೇ 89. ಅಂದರೆ ಅಂತರ ಕಡಿಮೆಯಾಗುವ ಬದಲು ಹೆಚ್ಚಿತು. ಈಗ ಹೇಳಿ, ಯಾರದ್ದು ಸುಳ್ಳು?

ಸಂಶಯಾತ್ಮ | ಬೆಳಿಗ್ಗೆ 10.41

ಕೇಂದ್ರದ್ದೇ, ಇನ್ಯಾರದ್ದು? ಕೇಂದ್ರಗಳನ್ನು ಮರಗಿಡಗಳ ನಡುವೆಯೋ ಎತ್ತರದ ತಾರಸಿಯ ಮೇಲೋ ಇಟ್ಟು, ಅಂಕಿ ಕಡಿಮೆ ಬರುವಂತೆ ನೋಡಿಕೊಳ್ಳುತ್ತಾರೆ. ನಿಮ್ಮ ಮಾಪಕ ನೀವು ಉಸಿರಾಡುವ ಜಾಗದಲ್ಲಿದೆ, ಅದಕ್ಕೆ ಸುಳ್ಳು ಹೇಳುವ ಹಂಗಿಲ್ಲ.

ನಿವೃತ್ತ_ತಂತ್ರಜ್ಞ | ಬೆಳಿಗ್ಗೆ 11.30

ಸುಳ್ಳು ಹೇಳುವ ಹಂಗಿಲ್ಲ ಎಂಬ ಮಾತ್ರಕ್ಕೆ ನಿಜ ಹೇಳುವ ಶಕ್ತಿ ಬರುವುದಿಲ್ಲ. ನಾನು ಇಪ್ಪತ್ತಾರು ವರ್ಷ ಇಂಥ ಯಂತ್ರಗಳ ಹೊಟ್ಟೆ ಬಿಚ್ಚಿ ಮುಚ್ಚಿದವನು, ಹಾಗಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಮೇಷ್ಟ್ರ ಬಾಲ್ಕನಿಯ ಮಾಪಕ ಕಣಗಳನ್ನು ತೂಗುವುದಿಲ್ಲ. ಒಂದು ಪುಟ್ಟ ಫ್ಯಾನ್ ಗಾಳಿಯನ್ನು ಒಳಗೆಳೆಯುತ್ತದೆ, ಲೇಸರ್ ಕಿರಣ ಅದರ ಮೇಲೆ ಬೀಳುತ್ತದೆ, ಕಣಗಳಿಂದ ಚದುರಿದ ಬೆಳಕನ್ನು ಒಂದು ಡಯೋಡ್ ಹಿಡಿಯುತ್ತದೆ, ಆ ಬೆಳಕಿನಿಂದ ತೂಕವನ್ನು ಊಹಿಸಲಾಗುತ್ತದೆ. ಊಹೆ ಎಂಬ ಪದವನ್ನು ನಾನು ಬೈಗುಳವಾಗಿ ಬಳಸುತ್ತಿಲ್ಲ. ಕಣದ ಸಾಂದ್ರತೆ, ಆಕಾರ, ಬಣ್ಣ ಎಲ್ಲವೂ ಇಂಥದ್ದೇ ಎಂದು ಕಾರ್ಖಾನೆಯಲ್ಲಿ ಮೊದಲೇ ಒಪ್ಪಿಕೊಂಡಿರುತ್ತಾರೆ ಎಂಬಷ್ಟೇ ಅರ್ಥ. ಕೈಯಲ್ಲಿ ಹಿಡಿಯುವ ದುಬಾರಿ ಬೆಳಕಿನ ಮಾಪಕಗಳಲ್ಲೂ ಕೆಲವನ್ನು ಅರಿಜೋನಾದ ಮರುಭೂಮಿಯ ಪರೀಕ್ಷಾ ಧೂಳಿನಿಂದ ಕ್ಯಾಲಿಬ್ರೇಟ್ ಮಾಡಿ ಕಳಿಸುತ್ತಾರೆ. ಬೆಂಗಳೂರಿನ ಡೀಸೆಲ್ ಹೊಗೆ ಅರಿಜೋನಾದ ಧೂಳಿನಂತೆ ಬೆಳಕು ಚದುರಿಸುತ್ತದೆ ಎಂದು ನಂಬುವುದು, ರಾಗಿ ಅಳೆದ ಸೇರಿನಲ್ಲಿ ಹತ್ತಿಯನ್ನು ಅಳೆದು ತೂಕ ಹೇಳಿದಂತೆ.

ಕೇಂದ್ರದಲ್ಲಿ ಸಾಮಾನ್ಯವಾಗಿ ಇರುವುದು ಬೀಟಾ ಕಿರಣದ ಯಂತ್ರ. ನಿಮಿಷಕ್ಕೆ 16.7 ಲೀಟರ್ ಗಾಳಿಯನ್ನು ಎಳೆದು, ದೊಡ್ಡ ಕಣಗಳನ್ನು ಸೈಕ್ಲೋನಿನಲ್ಲಿ, ಅಂದರೆ ಗಾಳಿಯನ್ನು ಸುಳಿಯಂತೆ ಸುತ್ತಿಸುವ ಕೊಳವೆಯಲ್ಲಿ ಬೇರ್ಪಡಿಸಿ, ಉಳಿದದ್ದನ್ನು ಒಂದು ಫಿಲ್ಟರ್ ಟೇಪಿನ ಮೇಲೆ ಹಿಡಿಯುತ್ತಾರೆ. ಕಾರ್ಬನ್-14ರ ಪುಟ್ಟ ಮೂಲದಿಂದ ಹೊರಡುವ ಬೀಟಾ ಕಣಗಳು ಆ ಕಲೆಯ ಮೂಲಕ ಹಾಯುವಾಗ ಎಷ್ಟು ಕಡಿಮೆಯಾದವು ಎಂಬುದರಿಂದ ತೂಕ ತಿಳಿಯುತ್ತದೆ. ಅದರಲ್ಲೂ ಮೂರು ಕಡೆ ಮೋಸವಾಗಬಹುದು: ಗಾಳಿಯ ಹರಿವು ತಪ್ಪಬಹುದು, ಎಲ್ಲಾದರೂ ಸೋರಬಹುದು, ಶೂನ್ಯ ಜಾರಬಹುದು, ಅಂದರೆ ಕೊಳೆಯಿಲ್ಲದ ಗಾಳಿಗೂ ಸೊನ್ನೆಯಲ್ಲದ ಅಂಕಿ ಬರಬಹುದು. ಅದಕ್ಕಾಗಿಯೇ ತಿಂಗಳಿಗೊಮ್ಮೆಯಾದರೂ ಸೋರಿಕೆ ಪರೀಕ್ಷೆ ಮಾಡಬೇಕು. ಯಂತ್ರದ ಮೂಗನ್ನು, ಅಂದರೆ ಗಾಳಿ ಒಳಬರುವ ಬಾಯಿಯನ್ನು ಮುಚ್ಚಿದಾಗ ಹರಿವು ನಿಮಿಷಕ್ಕೆ ಒಂದು ಲೀಟರಿಗಿಂತ ಕೆಳಗಿಳಿಯಬೇಕು. ಇಳಿಯದಿದ್ದರೆ ಹತ್ತರಲ್ಲಿ ಒಂಬತ್ತು ಸಲ ಟೇಪನ್ನು ಒತ್ತುವ ನಾಝಲಿನ ಅಂಚಿನಲ್ಲಿ ಟೇಪಿನ ನಾರು ಅಂಟಿರುತ್ತದೆ. ಹತ್ತಿಯ ಕಡ್ಡಿ ಮತ್ತು ಐಸೊಪ್ರೊಪೈಲ್ ಆಲ್ಕೊಹಾಲ್, ಇಷ್ಟೇ ಔಷಧ. ಲಕ್ಷಾಂತರ ರೂಪಾಯಿಯ ಯಂತ್ರದ ಮಾನ ಇಪ್ಪತ್ತು ಪೈಸೆಯ ಹತ್ತಿಯ ಮೇಲೆ ನಿಂತಿರುತ್ತದೆ.

ಸಂಶಯಾತ್ಮರ ಇನ್ನೊಂದು ಮಾತು ಜಾಗದ ವಿಚಾರ. ತಪ್ಪು ಜಾಗದಲ್ಲಿಟ್ಟ ಯಂತ್ರ ಆ ಜಾಗದ ಗಾಳಿಯನ್ನು ಸರಿಯಾಗಿಯೇ ಅಳೆಯುತ್ತದೆ. ಅದು ಜಾಗದ ತಕರಾರು, ಕ್ಯಾಲಿಬ್ರೇಷನ್ನಿನ ತಕರಾರಲ್ಲ. ಎರಡನ್ನೂ ಒಂದೇ ಚೀಲಕ್ಕೆ ತುಂಬಬೇಡಿ.

ಸಂಶಯಾತ್ಮ | ಬೆಳಿಗ್ಗೆ 11.48

ಒಪ್ಪಿದೆ ಎಂದುಕೊಳ್ಳೋಣ. ಆದರೂ ಎರಡು ಪಟ್ಟು ವ್ಯತ್ಯಾಸಕ್ಕೆ ಅರಿಜೋನಾದ ಧೂಳು ಸಾಕಾಗುವುದಿಲ್ಲ.

ತುಂತುರು | ಮಧ್ಯಾಹ್ನ 12.15

ಸಾಕಾಗುವುದಿಲ್ಲ, ಅದಕ್ಕೆ ಮೇಷ್ಟ್ರು ತಾವೇ ಕಾರಣ ಬರೆದಿದ್ದಾರೆ: ಆರ್ದ್ರತೆ ಶೇ 89. ಗಾಳಿಯಲ್ಲಿರುವ ಸೂಕ್ಷ್ಮ ಕಣಗಳಲ್ಲಿ ಅಮೋನಿಯಂ ಸಲ್ಫೇಟಿನಂಥ ಲವಣಗಳು ಬಹಳ. ಮಳೆಗಾಲದಲ್ಲಿ ಡಬ್ಬಿಯಲ್ಲಿಟ್ಟ ಉಪ್ಪು ನೀರೊಡೆಯುವುದನ್ನು ನೋಡಿದ್ದೀರಲ್ಲ, ಅದೇ ಕೆಲಸವನ್ನು ಇವು ಗಾಳಿಯಲ್ಲಿ ತೇಲುತ್ತಲೇ ಮಾಡುತ್ತವೆ. ಶುದ್ಧ ಅಮೋನಿಯಂ ಸಲ್ಫೇಟಾದರೆ ಆರ್ದ್ರತೆ ಶೇ 80ರ ಆಸುಪಾಸು ಮುಟ್ಟಿದೊಡನೆ ಕರಗಿ ಹನಿಯಾಗಿ ಊದಿಕೊಳ್ಳುತ್ತದೆ. ಊದಿದ ಹನಿ ಹೆಚ್ಚು ಬೆಳಕು ಚದುರಿಸುತ್ತದೆ, ಪುಟ್ಟ ಮಾಪಕ ನೀರನ್ನೂ ಕೊಳೆಯೆಂದೇ ಎಣಿಸುತ್ತದೆ. ಕೇಂದ್ರದ ಬೀಟಾ ಯಂತ್ರದಲ್ಲಾದರೋ ಗಾಳಿ ಒಳಬರುವ ಕೊಳವೆಗೆ ಹೀಟರ್ ಇರುತ್ತದೆ. ಟೇಪಿನ ಬಳಿ ಆರ್ದ್ರತೆಯನ್ನು ಶೇ 35ರ ಸುತ್ತಮುತ್ತ ಹಿಡಿದಿಡುವುದು ಅದರ ಕೆಲಸ. ಹೀಗೆ ಒಂದು ಯಂತ್ರ ನೆನೆದ ಬಟ್ಟೆಯನ್ನೂ ಇನ್ನೊಂದು ಒಣಗಿದ ಬಟ್ಟೆಯನ್ನೂ ತೂಗುತ್ತಿವೆ.

ಸಂಶಯಾತ್ಮ | ಮಧ್ಯಾಹ್ನ 12.22

ಆದರೆ ನಾವು ಉಸಿರಾಡುವುದು ನೆನೆದ ಗಾಳಿಯನ್ನೇ ತಾನೇ? ಹೀಟರ್ ಇಟ್ಟು ಒಣಗಿಸಿದ ಗಾಳಿಯನ್ನು ಯಾರು ಕುಡಿಯುತ್ತಾರೆ?

ತುಂತುರು | ಮಧ್ಯಾಹ್ನ 12.40

ಪ್ರಶ್ನೆ ಚೆನ್ನಾಗಿದೆ, ಈ ಮಾತನ್ನು ನಿಮಗೆ ಮೊದಲ ಸಲ ಹೇಳುತ್ತಿದ್ದೇನೆ. ಮಾನದಂಡಗಳೆಲ್ಲವೂ ಒಣ ತೂಕದ ಮೇಲೆ ಕಟ್ಟಿದಂಥವು. ಅಮೆರಿಕದ ಮೂಲವಿಧಾನದಲ್ಲಿ 24 ಗಂಟೆ ಗಾಳಿ ಹಾಯಿಸಿದ 47 ಮಿಲಿಮೀಟರಿನ ಟೆಫ್ಲಾನ್ ಫಿಲ್ಟರನ್ನು, 20ರಿಂದ 23 ಡಿಗ್ರಿ ಉಷ್ಣತೆ ಮತ್ತು ಶೇ 30ರಿಂದ 40ರ ಆರ್ದ್ರತೆಯ ಕೋಣೆಯಲ್ಲಿ ಒಂದು ದಿನ ಇಟ್ಟು, ಆಮೇಲೆ ಮೈಕ್ರೋಗ್ರಾಂ ತೂಗುವ ತಕ್ಕಡಿಯಲ್ಲಿ ಇಡುತ್ತಾರೆ. ನಮ್ಮಲ್ಲಿ 2009ರ ನವೆಂಬರ್ 18ರ ಅಧಿಸೂಚನೆ ಪಿಎಂ 2.5ಕ್ಕೆ ದಿನದ ಮಿತಿ 60 ಮೈಕ್ರೋಗ್ರಾಂ ಎಂದು ಹೇಳುವಾಗಲೂ ಫಿಲ್ಟರ್ ತೂಕ, ಬೀಟಾ ಮುಂತಾದ ವಿಧಾನಗಳನ್ನು ಹೆಸರಿಸಿಯೇ ಹೇಳುತ್ತದೆ. ಆರೋಗ್ಯದ ಅಧ್ಯಯನಗಳೂ ಬಹುಪಾಲು ಇಂಥ ಒಣ ತೂಕಕ್ಕೇ ಕಾಯಿಲೆಯ ಲೆಕ್ಕವನ್ನು ಹೊಂದಿಸಿವೆ. ಶ್ವಾಸಕೋಶಕ್ಕೆ ನೀರಿನ ಹನಿ ಹೊಸದೇನಲ್ಲ. ನೆನೆದ ಅಂಕಿಯನ್ನು ಒಣ ಅಂಕಿಯ ಮಿತಿಯ ಎದುರು ನಿಲ್ಲಿಸಿ ಗಾಬರಿಯಾಗುವುದು ನ್ಯಾಯವಲ್ಲ ಎಂಬಷ್ಟೇ ನನ್ನ ವಾದ.

ಬೇ_ಏರಿಯಾ_ಕನ್ನಡಿಗ | ಮಧ್ಯಾಹ್ನ 1.05

ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮಧ್ಯರಾತ್ರಿ ಸಮೀಪಿಸಿದೆ, ಆದರೂ ಈ ಎಳೆಯನ್ನು ಬಿಟ್ಟು ಮಲಗಲು ಮನಸ್ಸಾಗಲಿಲ್ಲ. 2020ರ ಕಾಡ್ಗಿಚ್ಚಿನ ಸಮಯದಲ್ಲಿ ನಮ್ಮ ಬೀದಿಯ ತುಂಬ ಪರ್ಪಲ್ ಏರ್ ಮಾಪಕಗಳು ಕಾಣಿಸಿಕೊಂಡವು. ಅವುಗಳ ಒಳಗಿರುವುದೂ ಪ್ಲಾಂಟವರ್ ಎಂಬ ಇದೇ ಜಾತಿಯ ಲೇಸರ್ ಸೆನ್ಸರ್, ಒಂದಲ್ಲ ಎರಡು. ಎರಡರ ಅಂಕಿಗಳೂ ಹೊಂದಿದರೆ ಮಾತ್ರ ನಂಬಬೇಕೆಂಬುದು ಅದರ ಉಪಾಯ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಸಂಶೋಧಕರು ದೇಶದ ಹಲವೆಡೆ ಈ ಮಾಪಕಗಳನ್ನು ಅಧಿಕೃತ ಯಂತ್ರಗಳ ಪಕ್ಕದಲ್ಲೇ ಇಟ್ಟು ಒಂದು ಸೂತ್ರ ಕಟ್ಟಿದರು. ಬೆಂಕಿ ಮತ್ತು ಹೊಗೆಯ ಸಾರ್ವಜನಿಕ ನಕ್ಷೆಯಲ್ಲಿ ಅದನ್ನೇ ಬಳಸಿದರು. ಸೂತ್ರ ಹೀಗಿದೆ: 0.524 × ಮಾಪಕದ ಅಂಕಿ − 0.0862 × ಸಾಪೇಕ್ಷ ಆರ್ದ್ರತೆ + 5.75. ಮೇಷ್ಟ್ರು ತಮ್ಮ ಅಂಕಿಯನ್ನು ಇದಕ್ಕೆ ಹಾಕಿ ನೋಡಲಿ.

ಅಂಕಿಗೊಂದು_ಮಾನ | ಮಧ್ಯಾಹ್ನ 1.12

ನಾನೇ ಹಾಕಿದೆ. 131ಕ್ಕೆ 68.6, ಅದರಿಂದ 7.7 ಕಳೆದು 5.75 ಕೂಡಿಸಿದರೆ 66.7. ಕೇಂದ್ರದ ಅಂಕಿ 66. ಮೈ ಜುಮ್ಮೆಂದಿತು.

ನಿವೃತ್ತ_ತಂತ್ರಜ್ಞ | ಮಧ್ಯಾಹ್ನ 1.20

ನನಗೂ ಜುಮ್ಮೆಂದಿತು, ಆದರೆ ಭಯದಿಂದ. ಒಂದೇ ಗಂಟೆಯ ಹೊಂದಾಣಿಕೆಯನ್ನು ಕ್ಯಾಲಿಬ್ರೇಷನ್ ಎಂದು ಕರೆದರೆ, ನಿಂತ ಗಡಿಯಾರವನ್ನೂ ದಿನಕ್ಕೆರಡು ಸಲ ಸರ್ಟಿಫೈ ಮಾಡಬೇಕಾಗುತ್ತದೆ. ಮೇಷ್ಟ್ರೇ, ಒಣ ಹೊತ್ತಿನ ಒಂದು ಗಂಟೆಯನ್ನು ಕೊಡಿ.

ಮಂಜುಮುಸುಕು | ಮಧ್ಯಾಹ್ನ 3.25

ಇಂದು ಮಧ್ಯಾಹ್ನ 2ರಿಂದ 3ರ ಗಂಟೆ: ನಮ್ಮ ಮಾಪಕ 34, ಆರ್ದ್ರತೆ ಶೇ 38, ಕೇಂದ್ರ 29. ಸೂತ್ರದ ಪ್ರಕಾರ 20.3 ಬರುತ್ತದೆ. ಅಂದರೆ ಬೆಳಿಗ್ಗೆ ದೇವರಂತೆ ಕಂಡ ಸೂತ್ರ ಮಧ್ಯಾಹ್ನ ಕೇಂದ್ರದ ಅಂಕಿಯನ್ನು ಮೂರರಲ್ಲಿ ಒಂದು ಭಾಗದಷ್ಟು ಕುಗ್ಗಿಸಿತು. ಏನೂ ತಿದ್ದದ ಕಚ್ಚಾ ಅಂಕಿಯೇ ಸತ್ಯಕ್ಕೆ ಹತ್ತಿರವಿತ್ತು.

ಬೇ_ಏರಿಯಾ_ಕನ್ನಡಿಗ | ಮಧ್ಯಾಹ್ನ 3.40

ಸೋತೆ ಎಂದು ಒಪ್ಪುವ ಮುನ್ನ ಒಂದು ಸಂದೇಹ. ಆ ಸೂತ್ರ, ಸೆನ್ಸರ್ ತನ್ನ ಅಂಕಿಗಳನ್ನು ಕೊಡುವ ಎರಡು ಕಾಲಂಗಳ ಪೈಕಿ ಸಿಎಫ್ 1 ಎಂಬ ಕಾಲಂಗೆ ಹೊಂದಿಸಿದ್ದು. ಮೇಷ್ಟ್ರ ಮಾಪಕ ಪರದೆಯ ಮೇಲೆ ಯಾವ ಕಾಲಂ ತೋರಿಸುತ್ತದೆ? ಅಂಕಿ ಏರಿದಂತೆ ಎರಡೂ ಬೇರೆಯಾಗುತ್ತವೆ.

ಮಂಜುಮುಸುಕು | ಮಧ್ಯಾಹ್ನ 3.58

ಸಿಎಫ್ 1 ಕಾಲಂ ಎಂದೇ ಸೆಟ್ಟಿಂಗ್‌ನಲ್ಲಿ ಬರೆದಿದೆ. ಆ ನೆಪವೂ ನಿಮಗೆ ದಕ್ಕಲಿಲ್ಲ.

ಅಂಕಿಗೊಂದು_ಮಾನ | ಸಂಜೆ 4.30

ಹಾಗಾದರೆ ಸೂತ್ರವನ್ನು ಬೈಯುವುದಕ್ಕಿಂತ ನಮ್ಮದೇ ಸೂತ್ರವನ್ನು ಕಟ್ಟಬೇಕು. ಅವರದ್ದು ಅವರ ಊರುಗಳ ಹೊಗೆಗೆ, ಅವರ ಹವೆಗೆ ಕಟ್ಟಿದ್ದು. ಪುಟ್ಟ ಮಾಪಕವನ್ನು ಅಧಿಕೃತ ಯಂತ್ರದ ಪಕ್ಕದಲ್ಲೇ ಕನಿಷ್ಠ 30 ದಿನ ಇಡಬೇಕು, ಅದನ್ನು ಬೇರೆ ಬೇರೆ ಋತುಗಳಲ್ಲಿ ಮತ್ತೆ ಮಾಡಬೇಕು ಎಂದು ಅಮೆರಿಕದ ಅದೇ ಪರಿಸರ ಸಂಸ್ಥೆಯ 2021ರ ಮಾರ್ಗಸೂಚಿ ಹೇಳುತ್ತದೆ. ಹೋಲಿಕೆಯ ರೇಖೆಯ ಇಳಿಜಾರು 0.65ರಿಂದ 1.35ರೊಳಗೆ, ಸ್ಥಿರಾಂಕ ಐದು ಮೈಕ್ರೋಗ್ರಾಂ ಹೆಚ್ಚುಕಡಿಮೆಯೊಳಗೆ, ಎರಡರ ಅಂಕಿಗಳು ಎಷ್ಟು ಜೊತೆಯಾಗಿ ಏರಿಳಿಯುತ್ತವೆ ಎಂದು ಹೇಳುವ ಆರ್ ವರ್ಗ 0.70ಕ್ಕಿಂತ ಮೇಲೆ ಇರಬೇಕೆಂಬುದು ಅದರ ಗುರಿ. ಕೊಂಚ ಉದಾರವಾದ ಗುರಿಯೇ ಅನ್ನಿ, ಆದರೆ ಪೆಟ್ಟಿಗೆಯ ಮೇಲೆ 'ನಿಖರ' ಎಂದು ಮುದ್ರಿಸಿ ಮಾರುವವರಲ್ಲಿ ಅಷ್ಟನ್ನೂ ತೋರಿಸದವರಿದ್ದಾರೆ.

ಸಂಶಯಾತ್ಮ | ಸಂಜೆ 4.44

ಇಲ್ಲೇ ನನ್ನ ಮೂಲ ತಕರಾರು ಇದೆ. ಕೇಂದ್ರದ ಅಂಕಿಗೆ ಹೊಂದುವ ತನಕ ಮನೆಯ ಮಾಪಕವನ್ನು ಬಗ್ಗಿಸುತ್ತೀರಿ, ಆಮೇಲೆ ಎರಡೂ ಹೊಂದಿದವು ಎಂದು ಸಂಭ್ರಮಿಸುತ್ತೀರಿ. ಹಾಗಿದ್ದರೆ ಎರಡನೆಯ ಮಾಪಕ ಯಾಕೆ ಬೇಕು? ಕನ್ನಡಿಯ ಮುಂದೆ ನಿಂತು ಸಾಕ್ಷಿ ಕೇಳಿದಂತಾಯಿತು.

ಅಂಕಿಗೊಂದು_ಮಾನ | ಸಂಜೆ 5.02

ಬಗ್ಗಿಸುವುದು ಪಕ್ಕಪಕ್ಕ ಇಟ್ಟ ತಿಂಗಳಲ್ಲಿ ಮಾತ್ರ. ಆಮೇಲೆ ಸೂತ್ರವನ್ನು ಬೀಗ ಹಾಕಿ, ಮಾಪಕವನ್ನು ನಿಮ್ಮ ಬೀದಿಗೆ ತಂದು ತೂಗುಹಾಕುತ್ತೀರಿ. ಅಲ್ಲಿ ಕೇಂದ್ರಕ್ಕೆ ಕಾಣದ ಕಸದ ಬೆಂಕಿಯೋ ಜನರೇಟರ್ ಹೊಗೆಯೋ ಕಂಡರೆ ಅದು ಹೊಸ ಸಾಕ್ಷಿ. ನೀವು ಹೇಳುವ ತಪ್ಪನ್ನು ಮಾಡುವವರೂ ಇದ್ದಾರೆ, ಅದನ್ನು ಅಲ್ಲಗಳೆಯುವುದಿಲ್ಲ: ಪ್ರತಿದಿನವೂ ಹತ್ತಿರದ ಕೇಂದ್ರದ ಅಂಕಿಯನ್ನು ನೋಡಿ ತಮ್ಮ ಮಾಪಕವನ್ನು ದೂರದಿಂದಲೇ ಎಳೆದು ಕೂರಿಸುವವರು. ಅವರ ಜಾಲದಲ್ಲಿ ನೂರು ಮಾಪಕಗಳಿದ್ದರೂ ಮಾತಾಡುವುದು ಒಂದೇ ಕೇಂದ್ರ.

ಕೆಂಪುಧೂಳು | ಸಂಜೆ 5.20

ಬಳ್ಳಾರಿಯ ಕಡೆಯಿಂದ ಒಂದು ಮಾತು. ನಮ್ಮಲ್ಲಿ ಅದಿರಿನ ಲಾರಿ ಹೋದ ಮೇಲೆ ಬಟ್ಟೆಯೆಲ್ಲ ಕೆಂಪಾಗುತ್ತದೆ, ಆದರೆ ಇಂಥದ್ದೇ ಪುಟ್ಟ ಮಾಪಕದಲ್ಲಿ ಪಿಎಂ 10ರ, ಅಂದರೆ ದಪ್ಪ ಕಣಗಳೂ ಸೇರಿದ ಧೂಳಿನ ಅಂಕಿ ಪಿಎಂ 2.5ಕ್ಕಿಂತ ಚೂರೇ ಚೂರು ಮೇಲಿರುತ್ತದೆ. ಇದಕ್ಕೂ ಸೂತ್ರ ಇದೆಯೇ?

ತುಂತುರು | ಸಂಜೆ 5.31

ಇಲ್ಲ, ಮತ್ತು ಇರಲಾರದು. ದಪ್ಪ ಧೂಳಿನ ಕಣಗಳು ಆ ಪುಟ್ಟ ಫ್ಯಾನಿನ ಎಳೆತಕ್ಕೆ ಸಿಕ್ಕಿ, ಒಳಗಿನ ತಿರುವುಗಳನ್ನು ದಾಟಿ ಲೇಸರ್ ಮುಟ್ಟುವುದೇ ಅಪರೂಪ. ಈ ಅಗ್ಗದ ಸೆನ್ಸರುಗಳಲ್ಲಿ ಬಹಳಷ್ಟರ ಪಿಎಂ 10 ಅಂಕಿ, ಸೂಕ್ಷ್ಮ ಕಣಗಳನ್ನು ನೋಡಿ ಲೆಕ್ಕ ಹಾಕಿದ ಅಂದಾಜು. ನೋಡಿರದ ಕಣವನ್ನು ಗುಣಿಸಿ ಕೂಡಿಸಿ ಬರಿಸುವುದಾಗದು. ನಿಮಗೆ ಬೇಕಾದದ್ದು ಫಿಲ್ಟರ್ ಮತ್ತು ತಕ್ಕಡಿ.

ಪ್ರಯೋಗಾಲಯದವಳು | ಸಂಜೆ 6.15

ಕಣಗಳ ವಿಷಯದಲ್ಲಿ ನೀವೆಲ್ಲ ಇಷ್ಟು ಕಷ್ಟಪಡುವುದನ್ನು ನೋಡಿ, ಅನಿಲಗಳನ್ನು ಅಳೆಯುವ ನಮಗೆ ಸ್ವಲ್ಪ ಜಂಬ ಬರುತ್ತದೆ, ಏಕೆಂದರೆ ನಮಗೆ ಸಿಲಿಂಡರ್ ಇದೆ. ಇಷ್ಟೇ ಪ್ರಮಾಣದ ನೈಟ್ರಿಕ್ ಆಕ್ಸೈಡ್ ಎಂದು ಪ್ರಮಾಣೀಕರಿಸಿ ತುಂಬಿಸಿದ ಸಿಲಿಂಡರಿನಿಂದ ಅನಿಲ ಬಿಟ್ಟು, ಶುದ್ಧ ಗಾಳಿಯೊಂದಿಗೆ ಬೆರೆಸಿ, ಯಂತ್ರ ಅಷ್ಟನ್ನೇ ಹೇಳುತ್ತದೆಯೇ ಎಂದು ನೋಡಬಹುದು. 'ಪಿಎಂ 2.5 ತುಂಬಿದ ಸಿಲಿಂಡರ್' ಎಂಬುದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಆದರೆ ಜಂಬ ಇಳಿದ ಕಥೆಯನ್ನೂ ಹೇಳಬೇಕು. ನಾನು ಓದುತ್ತಿದ್ದ ಕಡೆ ನೈಟ್ರೋಜನ್ ಆಕ್ಸೈಡುಗಳ ಯಂತ್ರವಿತ್ತು. ಅದರೊಳಗೆ ನೈಟ್ರಿಕ್ ಆಕ್ಸೈಡ್ ಓಝೋನಿನೊಂದಿಗೆ ಕೂಡಿದಾಗ ಹುಟ್ಟುವ ಬೆಳಕನ್ನು ಅಳೆಯುತ್ತಾರೆ. ನೈಟ್ರೋಜನ್ ಡೈಆಕ್ಸೈಡ್ ಹಾಗೆ ಬೆಳಗುವುದಿಲ್ಲವಾದ್ದರಿಂದ ಮುನ್ನೂರು ಡಿಗ್ರಿಗೂ ಮೀರಿ ಕಾಯಿಸಿದ ಮಾಲಿಬ್ಡಿನಮ್ ಮೇಲೆ ಹಾಯಿಸಿ ಅದನ್ನು ನೈಟ್ರಿಕ್ ಆಕ್ಸೈಡಿಗೆ ಇಳಿಸುತ್ತಾರೆ, ಒಟ್ಟು ಅಂಕಿಯಿಂದ ಮೊದಲ ಅಂಕಿಯನ್ನು ಕಳೆಯುತ್ತಾರೆ. ಹೊಸ ಸಿಲಿಂಡರ್ ಜೋಡಿಸಿದ ದಿನ ಸ್ಪ್ಯಾನ್ ಪರೀಕ್ಷೆಯಲ್ಲಿ, ಅಂದರೆ ಗೊತ್ತಿರುವ ಪ್ರಮಾಣದ ಅನಿಲ ಬಿಟ್ಟು ನೋಡಿದಾಗ, ನೈಟ್ರಿಕ್ ಆಕ್ಸೈಡ್ ಶೇ 8ರಷ್ಟು ಕಡಿಮೆ ಬಂತು. ಯಂತ್ರ ಸೊರಗಿದೆ ಎಂದುಕೊಂಡು ನಾವು ಗುಂಡಿ ಒತ್ತಿ ಅದನ್ನು ಏರಿಸಿಬಿಟ್ಟೆವು. ಒಂದು ತಿಂಗಳ ನಂತರ, ಅಂಕಿಗಳನ್ನು ಬರೆದಿಡುವ ಪುಸ್ತಕ ತಿರುವಿದಾಗ ಕಂಡದ್ದು: ಅಂದು ನೈಟ್ರಿಕ್ ಆಕ್ಸೈಡ್ ಮಾತ್ರ ಕಡಿಮೆಯಿತ್ತು, ಒಟ್ಟು ಆಕ್ಸೈಡುಗಳ ಅಂಕಿ ಸರಿಯಾಗಿಯೇ ಇತ್ತು. ಅಂದರೆ ಅನಿಲ ಕಳೆದುಹೋಗಿರಲಿಲ್ಲ, ಡೈಆಕ್ಸೈಡ್ ಆಗಿ ವೇಷ ಬದಲಿಸಿತ್ತು. ರೆಗ್ಯುಲೇಟರ್ ಜೋಡಿಸುವಾಗ ಒಳಗೆ ಉಳಿದ ಗಾಳಿಯನ್ನು ನಾವು ಹಲವು ಸಲ ತುಂಬಿ ಖಾಲಿ ಮಾಡಿ ಹೊರಹಾಕಿರಲಿಲ್ಲ, ಅದರ ಆಮ್ಲಜನಕ ತನ್ನ ಕೆಲಸ ಮಾಡಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎನ್ನುತ್ತಾರಲ್ಲ, ನಾವು ನೆಟ್ಟಗಿದ್ದ ನೆಲವನ್ನೇ ಡೊಂಕು ಮಾಡಿಬಿಟ್ಟಿದ್ದೆವು.

ನಿವೃತ್ತ_ತಂತ್ರಜ್ಞ | ಸಂಜೆ 6.50

ಪ್ರಯೋಗಾಲಯದವಳೇ, ನಿಮ್ಮ ತಿಂಗಳನ್ನು ಉಳಿಸಿದ್ದು ಆ ಪುಸ್ತಕ. ನನ್ನ ಕೈಕೆಳಗೆ ಬಂದ ಪ್ರತಿ ಹುಡುಗನಿಗೂ ಮೊದಲ ದಿನ ನಾನು ಹೇಳುತ್ತಿದ್ದದ್ದು ಒಂದೇ: ಯಂತ್ರವನ್ನು ಮುಟ್ಟುವ ಮುನ್ನ ಅದು ಏನು ಹೇಳುತ್ತಿತ್ತು ಎಂಬುದನ್ನು ಬರೆದುಕೊಳ್ಳಿ, ಮುಟ್ಟಿದ ಮೇಲೆ ಏನು ಹೇಳಿತು ಎಂಬುದನ್ನೂ ಬರೆಯಿರಿ. ತಿದ್ದುವ ಮುನ್ನದ ಅಂಕಿ ಇಲ್ಲದಿದ್ದರೆ ಹಿಂದಿನ ತಿಂಗಳುಗಳ ಲೆಕ್ಕವೆಲ್ಲ ಅನಾಥ. ಕ್ಯಾಲಿಬ್ರೇಷನ್ ಎಂದರೆ ಗುಂಡಿ ತಿರುಗಿಸುವುದು ಎಂದು ಜನ ತಿಳಿದಿದ್ದಾರೆ. ಅದು ಹೋಲಿಸಿ ಬರೆದಿಡುವ ಕೆಲಸ, ಗುಂಡಿ ಆಮೇಲಿನ ಮಾತು. ಪರಿವರ್ತಕದ ದಕ್ಷತೆಯನ್ನೂ ಪರೀಕ್ಷಿಸುತ್ತಿದ್ದಿರಿ ತಾನೇ? ಶೇ 96ಕ್ಕಿಂತ ಕೆಳಗಿಳಿದರೆ ಆ ಮಾಲಿಬ್ಡಿನಮ್ ಬದಲಿಸಬೇಕು.

ಇನ್ನು ಬೆಂಗಳೂರಿಗೇ ಸೇರಿದ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ 910 ಹೆಕ್ಟೊಪಾಸ್ಕಲ್ ಆಸುಪಾಸು. ಒಂದು ಕಡೆ ಹರಿವಿನ ಮಾಪಕವನ್ನು ಸಮುದ್ರಮಟ್ಟದ ಪ್ರಮಾಣಿತ ಲೀಟರಿಗೆ ಹೊಂದಿಸಿ 16.7ಕ್ಕೆ ನಿಲ್ಲಿಸಿದ್ದರು. ಇಲ್ಲಿನ ತೆಳು ಗಾಳಿಯಲ್ಲಿ ಅದು ನಿಜವಾಗಿ 18.6 ಲೀಟರ್ ಆಗುತ್ತದೆ. ಸೈಕ್ಲೋನಿಗೆ ಬೇಕಾದದ್ದು ನಿಜವಾದ ಲೀಟರ್. ಹರಿವು ಹೆಚ್ಚಿದರೆ ಅದು 2.5 ಮೈಕ್ರಾನಿಗಿಂತ ಸಣ್ಣ ಕಣಗಳನ್ನೂ ಹೊರಗೆಸೆಯುತ್ತದೆ. ಲೆಕ್ಕದಲ್ಲಿ ಮಾತ್ರ 16.7 ಎಂದೇ ಭಾಗಿಸಿದ್ದರಿಂದ ಅಂಕಿ ಹತ್ತರಲ್ಲಿ ಒಂದು ಪಾಲು ಉಬ್ಬಿತ್ತು. ಮಂಗಳೂರಿನಲ್ಲಿ ಈ ತಪ್ಪು ಮಾಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಕರಾವಳಿ_ಕಾಗೆ | ಸಂಜೆ 7.05

ಮಂಗಳೂರಿನವರ ಪರವಾಗಿ ಧನ್ಯವಾದ. ನಮ್ಮಲ್ಲಿ ಒತ್ತಡ ಸರಿ, ಆದರೆ ಶೇ 38ರ ಆರ್ದ್ರತೆಯನ್ನು ನಾವು ಪುಸ್ತಕದಲ್ಲಿ ಮಾತ್ರ ಓದಿದ್ದೇವೆ.

ಸಂಶಯಾತ್ಮ | ಸಂಜೆ 7.20

ಇಷ್ಟೆಲ್ಲ ಜಾಗ್ರತೆ ಇದ್ದರೆ ಮಳೆ ಬಂದ ರಾತ್ರಿ ಅಧಿಕೃತ ಯಂತ್ರ −3 ಮೈಕ್ರೋಗ್ರಾಂ ಎಂದು ತೋರಿಸುವುದು ಹೇಗೆ? ಶೂನ್ಯಕ್ಕಿಂತ ಕಡಿಮೆ ಕೊಳೆ ಇರುವ ಗಾಳಿಯನ್ನು ನಾನು ಕಂಡಿಲ್ಲ.

ನಿವೃತ್ತ_ತಂತ್ರಜ್ಞ | ಸಂಜೆ 7.42

ನೀವು ಹಿಡಿದ ಮೊಲಕ್ಕೆ ಇಂದು ಮೂರೇ ಕಾಲು. ಬೀಟಾ ಎಣಿಕೆಯಲ್ಲಿ ಸಹಜ ಏರಿಳಿತವಿದೆ. ನಿಜವಾದ ಅಂಕಿ 1 ಆಗಿದ್ದಾಗ ಒಂದು ಗಂಟೆ 4 ಎಂದೂ ಇನ್ನೊಂದು ಗಂಟೆ −2 ಎಂದೂ ಬರುವುದು ಸಹಜ. ಸೊನ್ನೆಗಿಂತ ಕೆಳಗಿನ ಅಂಕಿಗಳನ್ನೆಲ್ಲ ಅಳಿಸಿ ಸೊನ್ನೆ ಬರೆದರೆ ನೋಡಲು ಅಂದ, ಆದರೆ ಸರಾಸರಿ ಮೇಲಕ್ಕೆ ಜಾರುತ್ತದೆ. ಯಂತ್ರದ ಮೂಗಿಗೆ ಫಿಲ್ಟರ್ ಕಟ್ಟಿ 72 ಗಂಟೆ ಓಡಿಸುವ ಶೂನ್ಯ ಪರೀಕ್ಷೆ ಇರುವುದೇ ಇದಕ್ಕೆ: ಆ ಮೂರು ದಿನಗಳ ಸರಾಸರಿ ಸೊನ್ನೆಯಿಂದ ಎಷ್ಟು ಸರಿದಿದೆಯೋ ಅಷ್ಟನ್ನು ತಿದ್ದುತ್ತಾರೆ. ಸದಾ −3 ಬರುತ್ತಿದ್ದರೆ ದೂರು ಕೊಡಿ. ಎಂದೋ ಒಮ್ಮೆ ಬಂದರೆ ಆ ಯಂತ್ರ ಪ್ರಾಮಾಣಿಕವಾಗಿದೆ.

ಪ್ರಯೋಗಾಲಯದವಳು | ರಾತ್ರಿ 8.10

ಎಲ್ಲಕ್ಕೂ ಮೇಲಿನ ಮಾನದಂಡವೇ ಬದಲಾದ ಉದಾಹರಣೆಯೂ ಇದೆ. ಓಝೋನಿಗೆ ಸಿಲಿಂಡರ್ ಇಲ್ಲ, ಅದು ಉಳಿಯುವುದಿಲ್ಲ. 254 ನ್ಯಾನೋಮೀಟರಿನ ನೇರಳಾತೀತ ಬೆಳಕನ್ನು ಓಝೋನ್ ಎಷ್ಟು ಹೀರುತ್ತದೆ ಎಂಬ ಒಂದೇ ಭೌತಿಕ ಸಂಖ್ಯೆಯ ಮೇಲೆ ಇಡೀ ಜಗತ್ತಿನ ಓಝೋನ್ ಮಾಪನ ನಿಂತಿದೆ. 1961ರಲ್ಲಿ ಅಳೆದ ಆ ಸಂಖ್ಯೆಯನ್ನೇ ದಶಕಗಳ ಕಾಲ ಬಳಸಿದರು. ಈಚೆಗೆ ಅದನ್ನು ಹೊಸದಾಗಿ ನಿರ್ಧರಿಸಿದಾಗ ಶೇ 1.23ರಷ್ಟು ಕಡಿಮೆ ಎಂದು ತೇಲಿತು. ಹೊಸ ಸಂಖ್ಯೆಗೆ ಬದಲಾದ ಯಂತ್ರಗಳಲ್ಲಿ, ಗಾಳಿ ಕಿಂಚಿತ್ತೂ ಬದಲಾಗದೆಯೇ, ಓಝೋನ್ ಸುಮಾರು ಶೇ 1.2ರಷ್ಟು ಹೆಚ್ಚಾಗಿ ಕಾಣುತ್ತದೆ.

ಬೇ_ಏರಿಯಾ_ಕನ್ನಡಿಗ | ರಾತ್ರಿ 8.25

ನಮ್ಮ ಕ್ಯಾಲಿಫೋರ್ನಿಯಾ ಇದಕ್ಕಿಂತ ದೊಡ್ಡ ಪೇಚಿಗೆ ಸಿಲುಕಿತ್ತು. 1970ರ ದಶಕದಲ್ಲಿ ಓಝೋನ್ ಯಂತ್ರಗಳನ್ನು ಪೊಟಾಸಿಯಂ ಅಯೋಡೈಡ್ ದ್ರಾವಣದಿಂದ ಕ್ಯಾಲಿಬ್ರೇಟ್ ಮಾಡುತ್ತಿದ್ದರು. ರಾಜ್ಯದ ಸಂಸ್ಥೆಯ ದ್ರಾವಣದ ಪಾಕವೇ ಬೇರೆ, ಲಾಸ್ ಏಂಜಲೀಸಿನ ಸಂಸ್ಥೆಯ ಪಾಕವೇ ಬೇರೆ; ಒಂದೇ ಗಾಳಿಗೆ ಇಬ್ಬರ ಅಂಕಿಗಳೂ ಹೊಂದುತ್ತಿರಲಿಲ್ಲ. ಕೊನೆಗೆ 1979ರಲ್ಲಿ ದೇಶದ ಮಟ್ಟದಲ್ಲೇ ದ್ರಾವಣವನ್ನು ಬಿಟ್ಟು ನೇರಳಾತೀತ ವಿಧಾನಕ್ಕೆ ಬಂದರು. ಊರಿಗೊಂದು ಸೇರು ಎಂಬ ನಮ್ಮ ಹಳೆಯ ಸಂತೆಯ ಜಗಳ ಅಲ್ಲಿಯೂ ನಡೆದಿತ್ತು.

ತುಂತುರು | ರಾತ್ರಿ 8.40

ಸಂತೆಯ ಮಾತು ಬಂದದ್ದು ಒಳ್ಳೆಯದಾಯಿತು. ಅಂಗಡಿಯ ತೂಕದ ಬಟ್ಟಿಗೆ ಇಲಾಖೆಯವರು ಬಂದು ಮುದ್ರೆ ಒತ್ತುವುದನ್ನು ನಾವೆಲ್ಲ ನೋಡಿದ್ದೇವೆ. ಗಾಳಿಯ ಯಂತ್ರಗಳಿಗೆ ಹಾಗೆ ಮುದ್ರೆ ಒತ್ತುವವರು ನಮ್ಮ ದೇಶದಲ್ಲಿ ಬಹುಕಾಲ ಇರಲಿಲ್ಲ, ಹೊರದೇಶದ ಪ್ರಮಾಣಪತ್ರವನ್ನೇ ನಂಬುತ್ತಿದ್ದೆವು. 2019ರಲ್ಲಿ ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯಕ್ಕೆ ಆ ಹೊಣೆಯನ್ನು ವಹಿಸಲಾಯಿತು. ಮೈನಸ್ ಡಿಗ್ರಿಯ ಊರಿನಲ್ಲಿ ಪಾಸಾದ ಯಂತ್ರ ರಾಯಚೂರಿನ ಮೇ ತಿಂಗಳಲ್ಲಿ ಹೇಗಿರುತ್ತದೆ ಎಂಬುದನ್ನು ಇಲ್ಲಿಯವರೇ ನೋಡಬೇಕಲ್ಲವೇ.

ಕರಾವಳಿ_ಕಾಗೆ | ರಾತ್ರಿ 8.52

ಎಲ್ಲ ಸರಿ, ಆದರೆ ಮೇಷ್ಟ್ರು ಕೇಳಿದ್ದು ಮನೆಯಲ್ಲಿ ಏನು ಮಾಡಬಹುದು ಎಂದು. ನಾನು ಊದುಬತ್ತಿ ಹಚ್ಚಿಟ್ಟು ಮಾಪಕ ಏರುತ್ತದೆಯೇ ನೋಡುತ್ತೇನೆ.

ನಿವೃತ್ತ_ತಂತ್ರಜ್ಞ | ರಾತ್ರಿ 9.05

ಊದುಬತ್ತಿಯಿಂದ ಮಾಪಕ ಬದುಕಿದೆಯೇ ಎಂಬುದು ತಿಳಿಯುತ್ತದೆ, ಸರಿಯಾಗಿದೆಯೇ ಎಂಬುದು ತಿಳಿಯದು. ಜೊತೆಗೆ ಲೆನ್ಸಿನ ಮೇಲೆ ಅಂಟು ಕೂರುತ್ತದೆ, ದಯವಿಟ್ಟು ನಿಲ್ಲಿಸಿ.

ಮನೆಯಲ್ಲಿ ಮಾಡಬಹುದಾದ ಗಟ್ಟಿ ಪರೀಕ್ಷೆ ಒಂದೇ, ಅದು ಶೂನ್ಯದ್ದು. ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮಾಪಕವನ್ನಿಟ್ಟು, ಮೀನಿನ ತೊಟ್ಟಿಗೆ ಗಾಳಿ ಬಿಡುವ ಪುಟ್ಟ ಪಂಪಿನಿಂದ, ಸೂಕ್ಷ್ಮ ಕಣಗಳನ್ನೂ ತಡೆಯುವ ಹೆಪಾ ಫಿಲ್ಟರಿನ ಮೂಲಕ ಗಾಳಿ ಒಳಗೆ ಬಿಡಿ, ಹೊರಹೋಗಲು ಸಣ್ಣ ತೂತಿರಲಿ. ಅರ್ಧ ಗಂಟೆಯ ನಂತರ ಅಂಕಿ 0 ಅಥವಾ 1ಕ್ಕೆ ಬಂದು ನಿಲ್ಲಬೇಕು. ನಿಲ್ಲದಿದ್ದರೆ ಅಂಕಿ ಬರೆದುಕೊಳ್ಳಿ. ಬರೆದುಕೊಂಡ ಮೇಲೆಯೇ ಒಳಗೆ ಇಣುಕಿ.

ಮಂಜುಮುಸುಕು | ಭಾನುವಾರ, ಸಂಜೆ 5.40

ಮೊಮ್ಮಗನ ಮೀನುಗಳು ಒಂದು ಮಧ್ಯಾಹ್ನ ಗಾಳಿಯಿಲ್ಲದೆ ಕಳೆದವು. ಶೂನ್ಯ ಪರೀಕ್ಷೆ ಮುಗಿಸಿದೆ. ಮುಕ್ಕಾಲು ಗಂಟೆಯಾದರೂ ಅಂಕಿ 7ಕ್ಕಿಂತ ಕೆಳಗಿಳಿಯಲಿಲ್ಲ. ದಿನಾಂಕ, ಸಮಯ, ಉಷ್ಣತೆ, ಆರ್ದ್ರತೆ ಸಮೇತ ಬರೆದುಕೊಂಡೆ, ಆಮೇಲೆ ತಿರುಪು ಬಿಚ್ಚಿದೆ. ಗಾಳಿ ಒಳಹೋಗುವ ಬಾಯಿಯಲ್ಲೇ ಒಂದು ಜೇಡ ಗೂಡು ಕಟ್ಟಿ ಸಂಸಾರ ಹೂಡಿತ್ತು. ಕ್ಯಾಮೆರಾ ಸ್ವಚ್ಛ ಮಾಡುವ ರಬ್ಬರ್ ಬುರುಡೆಯಿಂದ ಊದಿ ತೆಗೆದು, ಮತ್ತೆ ಡಬ್ಬಿಗೆ ಹಾಕಿದೆ: 0.

ನಿನ್ನೆಯ ಮಧ್ಯಾಹ್ನದ 34ರಿಂದ ಈ 7 ಕಳೆದರೆ 27, ಕೇಂದ್ರ 29. ಬೆಳಗಿನ 131ರಿಂದ ಕಳೆದರೂ 124, ಕೇಂದ್ರ 66. ಅಂದರೆ ಒಣ ಹೊತ್ತಿನ ತಪ್ಪು ಜೇಡನದ್ದು, ಬೆಳಗಿನ ತಪ್ಪು ಬಹುಪಾಲು ನೀರಿನದ್ದು ಎಂದು ನನಗನಿಸುತ್ತದೆ.

ಅಂಕಿಗೊಂದು_ಮಾನ | ಸಂಜೆ 5.58

ಹಾಗಾದರೆ ನಿನ್ನೆ ಅಮೆರಿಕದ ಸೂತ್ರ 66.7 ಕೊಟ್ಟದ್ದು ಜೇಡನ ಕೃಪೆಯೂ ಸೇರಿ! 124 ಹಾಕಿದರೆ 63 ಬರುತ್ತದೆ. ಮೈ ಜುಮ್ಮೆಂದದ್ದನ್ನು ವಾಪಸ್ ಪಡೆಯುತ್ತೇನೆ.

ನಿವೃತ್ತ_ತಂತ್ರಜ್ಞ | ಸಂಜೆ 6.20

ಮೇಷ್ಟ್ರೇ, ಪುಸ್ತಕಕ್ಕೆ ಪೂರ್ಣ ಅಂಕ. ಆದರೆ ಜೇಡ ಎಂದು ಬಂದಿತು ಎಂಬುದು ನಿಮಗೆ ಗೊತ್ತಿಲ್ಲ, ಹಾಗಾಗಿ ಹಿಂದಿನ ತಿಂಗಳುಗಳಿಂದಲೂ 7 ಕಳೆಯಲು ಹೋಗಬೇಡಿ. ಎರಡು ಕಿಲೋಮೀಟರ್ ದೂರದ ಕೇಂದ್ರಕ್ಕೆ ಒಂದೆರಡು ಗಂಟೆ ಹೊಂದಿದ್ದನ್ನೂ ಸರ್ಟಿಫಿಕೇಟ್ ಎಂದು ಭಾವಿಸಬೇಡಿ. ಇಂದಿನಿಂದ ಪ್ರತಿ ತಿಂಗಳ ಒಂದನೇ ತಾರೀಖು ಶೂನ್ಯ ಪರೀಕ್ಷೆ ಮಾಡಿ. ಕೇಂದ್ರದವರಿಗೆ ಪತ್ರ ಬರೆದು, ಒಂದು ತಿಂಗಳು ಅವರ ತಾರಸಿಯಲ್ಲಿ ನಿಮ್ಮ ಮಾಪಕವನ್ನು ಇಡಲು ಅನುಮತಿ ಕೇಳಿ. ಕೊಡದಿದ್ದರೆ ಇಂಥ ಯಂತ್ರವಿರುವ ಯಾವುದಾದರೂ ಕಾಲೇಜನ್ನು ಕೇಳಿ. ಆರ್ದ್ರತೆ ಶೇ 80 ದಾಟಿದ ಗಂಟೆಗಳ ಅಂಕಿಯನ್ನು ಅಲ್ಲಿಯವರೆಗೆ ಬೇರೆ ಬಣ್ಣದಲ್ಲಿ ಬರೆಯಿರಿ.

ಮಂಜುಮುಸುಕು | ಸಂಜೆ 6.45

ಕೆಂಪು ಶಾಯಿ ಮನೆಯಲ್ಲಿ ಬೇಕಾದಷ್ಟಿದೆ. ಪತ್ರವನ್ನು ನಾಳೆಯೇ ಬರೆಯುತ್ತೇನೆ. ಹೆಂಡತಿ ಮಾತ್ರ ಬೆಳಿಗ್ಗೆ ಆರರ ಬದಲು ಒಂಬತ್ತಕ್ಕೆ ವಾಯುವಿಹಾರಕ್ಕೆ ಹೋಗುವುದಾಗಿ ತೀರ್ಮಾನಿಸಿದ್ದಾಳೆ. 66 ಆದರೂ 60ಕ್ಕಿಂತ ಹೆಚ್ಚೇ ಅಲ್ಲವೇ ಎಂಬುದು ಅವಳ ಲೆಕ್ಕ.

ಸಂಶಯಾತ್ಮ | ಸಂಜೆ 6.51

60 ಎಂಬುದು 24 ಗಂಟೆಯ ಸರಾಸರಿಯ ಮಿತಿ, ಒಂದು ಗಂಟೆಯದ್ದಲ್ಲ. ಇಡೀ ಎಳೆಯಲ್ಲಿ ನಾನು ಕಲಿತದ್ದನ್ನು ಒಮ್ಮೆಯಾದರೂ ಬಳಸಲು ಬಿಡಿ.